ಒಂದು ಮಹಡಿ ಬರೆದು ಇಪ್ಪತ್ತನಾಲ್ಕು ಪಡೆಯುವುದು: ಕಟ್ಟಡ ಯೋಜನೆಯ ವೇಳಾಪಟ್ಟಿಯನ್ನು ಬೇಗ ಸಿದ್ಧಪಡಿಸುವ ಕ್ರಮ

ಎರಡು ಬ್ಲಾಕ್‌ಗಳ, ತಲಾ ಹನ್ನೆರಡು ಮಹಡಿಗಳ ಒಂದು ಅಪಾರ್ಟ್‌ಮೆಂಟ್ ಕಟ್ಟಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಂಬದ ಕಂಬಿ ಕಟ್ಟುವುದರಿಂದ ಹಿಡಿದು ಕೊನೆಯ ಕೋಟ್ ಬಣ್ಣದವರೆಗೆ ಪ್ರತಿ ಮಹಡಿಗೆ 20 ಚಟುವಟಿಕೆಗಳಿದ್ದರೆ ಒಟ್ಟು 480 ಚಟುವಟಿಕೆಗಳಾಗುತ್ತವೆ. ಯಾವ ಕೆಲಸದ ನಂತರ ಯಾವ ಕೆಲಸ ಎಂದು ಹೇಳುವ ಕೊಂಡಿಗಳು ಮಹಡಿಯೊಳಗೆ 24, ಒಂದು ಮಹಡಿಯಿಂದ ಅದರ ಮೇಲಿನ ಅಥವಾ ಕೆಳಗಿನ ಮಹಡಿಗೆ ಹೋಗುವ ಕೊಂಡಿಗಳು 5 ಎಂದಿಟ್ಟುಕೊಂಡರೆ, 576 ಮತ್ತು 110 ಸೇರಿ 686 ಕೊಂಡಿಗಳಾಗುತ್ತವೆ. ವೇಳಾಪಟ್ಟಿ ತಂತ್ರಾಂಶಗಳಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಾಗಲಿ ಪ್ರೈಮವೆರಾದಲ್ಲಾಗಲಿ ಇವನ್ನು ಒಂದೊಂದಾಗಿ ಟೈಪ್ ಮಾಡಲು ಹೊರಟರೆ, ಒಂದಕ್ಕೆ ಒಂದೇ ನಿಮಿಷ ಹಿಡಿದರೂ ಹತ್ತೊಂಬತ್ತು ಗಂಟೆ ಮೀರುತ್ತದೆ. ಅಷ್ಟಾದ ಮೇಲೂ ಏಳನೇ ಮಹಡಿಯಲ್ಲಿ ಒಂದು ಕೊಂಡಿ ಬಿಟ್ಟುಹೋಗಿರುವುದು ಕೆಲಸ ಆರಂಭವಾಗಿ ಮೂರು ತಿಂಗಳಾದ ಮೇಲೆ ತಿಳಿಯುತ್ತದೆ.

ಇಲ್ಲಿ ಹೇಳುವ ಕ್ರಮದಲ್ಲಿ ವೇಳಾಪಟ್ಟಿಯನ್ನು ಮೊದಲು ಎಕ್ಸೆಲ್‌ನಲ್ಲಿ ಕೋಷ್ಟಕವಾಗಿ ತಯಾರಿಸಿ, ಆ ಬಳಿಕ ತಂತ್ರಾಂಶದೊಳಗೆ ಇಂಪೋರ್ಟ್ ಮಾಡಲಾಗುತ್ತದೆ. ತಂತ್ರಾಂಶವನ್ನು ತೆರೆಯುವ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಮುಗಿದಿರಬೇಕು. ಪಟ್ಟಿ ಮತ್ತು ಹೆಸರುಗಳ ವಿಷಯದಲ್ಲಿ ಸ್ಪಷ್ಟತೆ ಬಾರದೆ ನೇರವಾಗಿ ತಂತ್ರಾಂಶದಲ್ಲಿ ಬಾರ್‌ಗಳನ್ನು ಎಳೆಯಲು ಕುಳಿತವರು ಎಷ್ಟು ಶಾರ್ಟ್‌ಕಟ್ ಕೀಗಳನ್ನು ಕಲಿತರೂ ಉಳಿಯುವ ಸಮಯ ಅಷ್ಟಕ್ಕಷ್ಟೆ.

ಮೊದಲು ಒಂದು ಮಹಡಿ

ಕಾಗದದ ಮೇಲೆ ಒಂದೇ ಒಂದು ಸಾಮಾನ್ಯ ಮಹಡಿಯ ಕೆಲಸದ ಸರಣಿಯನ್ನು ಬರೆಯಬೇಕು. ಇದನ್ನು ಕಚೇರಿಯಲ್ಲಿ ಒಬ್ಬರೇ ಕುಳಿತು ಬರೆಯುವುದಕ್ಕಿಂತ ಸೈಟ್ ಎಂಜಿನಿಯರ್ ಮತ್ತು ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟುವ ತಾತ್ಕಾಲಿಕ ಅಚ್ಚು) ಮೇಸ್ತ್ರಿಯ ಜೊತೆ ಬರೆಯುವುದು ಲೇಸು, ಏಕೆಂದರೆ ಸ್ಲ್ಯಾಬ್‌ನ ಕಂಬಿ ಕಟ್ಟುತ್ತಿರುವಾಗಲೇ ಎಲೆಕ್ಟ್ರಿಕಲ್ ಪೈಪ್ ಹಾಕುವವರು ಎಷ್ಟು ಹೊತ್ತಿಗೆ ಒಳಬರುತ್ತಾರೆ ಎಂಬಂಥ ಸಂಗತಿಗಳು ಅವರಿಗೇ ಗೊತ್ತು. ಪ್ರತಿ ಚಟುವಟಿಕೆಗೆ ಒಂದು ಹೆಸರು, ಒಂದು ಅವಧಿ, ಅದಕ್ಕಿಂತ ಮುಂಚೆ ಮುಗಿಯಬೇಕಾದ ಚಟುವಟಿಕೆಗಳು, ಕೆಲಸ ಮಾಡುವ ಗ್ಯಾಂಗ್ ಇಷ್ಟು ಸಾಕು. ಅವಧಿಯನ್ನು ಅಂದಾಜಿಗೆ ಬರೆಯದೆ ಪರಿಮಾಣದಿಂದ ಲೆಕ್ಕ ಹಾಕಬೇಕು: ಮಹಡಿಯಲ್ಲಿ 900 ಚದರ ಮೀಟರ್ ಗಾರೆ ಕೆಲಸವಿದ್ದು, ಗ್ಯಾಂಗ್ ದಿನಕ್ಕೆ 60 ಚದರ ಮೀಟರ್ ಮುಗಿಸುತ್ತದೆ ಎಂದಾದರೆ ಅವಧಿ 15 ದಿನ. ಈ ಭಾಗಾಕಾರವನ್ನು ಎಕ್ಸೆಲ್‌ನ ಸೂತ್ರವಾಗಿಯೇ ಉಳಿಸಿಕೊಂಡರೆ, ನಾಳೆ ಗ್ಯಾಂಗ್‌ಗಳ ಸಂಖ್ಯೆ ಎರಡಾದಾಗ ಒಂದು ಅಂಕೆಯನ್ನು ಬದಲಿಸಿದರೆ ಸಾಕು.

ಈ ಹಂತದಲ್ಲಿ ಅವಸರ ಸಲ್ಲದು. ಮಾದರಿ ಮಹಡಿಯಲ್ಲಿ ಒಂದು ತಪ್ಪಾದರೆ ಅದು ಇಪ್ಪತ್ತನಾಲ್ಕು ಸಲ ನಕಲಾಗುತ್ತದೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ತೊಂದರೆ ಕೊಟ್ಟದ್ದು ಅವಧಿಯ ತಪ್ಪಲ್ಲ, ಹೆಸರಿನ ತಪ್ಪು. ‘ಐದನೇ ಮಹಡಿಯ ಸ್ಲ್ಯಾಬ್’ ಎಂದರೆ ಐದನೇ ಮಹಡಿಯಲ್ಲಿ ನಿಂತವರ ಕಾಲ ಕೆಳಗಿನದೋ, ತಲೆಯ ಮೇಲಿನದೋ? ನಕ್ಷೆ ಬರೆದವರು ಒಂದು ಅರ್ಥದಲ್ಲಿ, ಬಿಲ್ ಬರೆಯುವವರು ಇನ್ನೊಂದು ಅರ್ಥದಲ್ಲಿ ಬಳಸುತ್ತಿರುತ್ತಾರೆ. ಒಮ್ಮೆ ಇದನ್ನು ಕೇಳದೆ ಪಟ್ಟಿ ಮಾಡಿದ್ದರಿಂದ ಕೆಳಗಿನ ಸೆಂಟ್ರಿಂಗ್ ಬಿಚ್ಚುವ ಮೊದಲೇ ಆ ಮಹಡಿಯಲ್ಲಿ ಬ್ಲಾಕ್ ಗೋಡೆ ಏಳುವಂತೆ ವೇಳಾಪಟ್ಟಿ ತೋರಿಸಿತ್ತು, ಅದೂ ಎಲ್ಲ ಮಹಡಿಗಳಲ್ಲಿ ಒಂದೇ ಸಮನಾಗಿ. ತಪ್ಪು ಅಷ್ಟು ಅಚ್ಚುಕಟ್ಟಾಗಿದ್ದುದರಿಂದಲೇ ಯಾರ ಕಣ್ಣಿಗೂ ಬೀಳಲಿಲ್ಲ. ಮಹಡಿಯ ಮೇಲೆ ನಿಲ್ಲುವ ಕಂಬಗಳು ಮತ್ತು ಅವುಗಳ ಮೇಲೆ ಬೀಳುವ ಸ್ಲ್ಯಾಬ್ ಎರಡೂ ಅದೇ ಮಹಡಿಗೆ ಸೇರಿದವು ಎಂದು ನಿಶ್ಚಯಿಸಿ, ಸ್ಲ್ಯಾಬ್‌ನ ಹೆಸರಿನಲ್ಲಿಯೇ ‘ಮೇಲ್ಛಾವಣಿ’ ಎಂಬ ಪದವನ್ನು ಸೇರಿಸಿಬಿಟ್ಟರೆ ಗೊಂದಲಕ್ಕೆ ಆಸ್ಪದವಿರುವುದಿಲ್ಲ.

ಕಾಂಕ್ರೀಟ್ ಗಟ್ಟಿಯಾಗಲು ಕಾಯುವ ಅವಧಿಯನ್ನೂ ಇಲ್ಲಿಯೇ ನಿರ್ಧರಿಸಬೇಕು. ಐಎಸ್ 456:2000 ಸಂಹಿತೆಯ ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿ, ವಾತಾವರಣದ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯದೆ, ಕ್ಯೂರಿಂಗ್ (ನೀರುಣಿಸುವಿಕೆ) ಸರಿಯಾಗಿ ನಡೆದಿದ್ದರೆ, ಸ್ಪ್ಯಾನ್ (ಎರಡು ಆಸರೆಗಳ ನಡುವಿನ ಅಂತರ) 4.5 ಮೀಟರ್‌ವರೆಗಿನ ಸ್ಲ್ಯಾಬ್‌ನ ಆಧಾರದ ಪ್ರಾಪ್‌ಗಳನ್ನು 7 ದಿನಕ್ಕೆ, ಅದಕ್ಕೂ ಅಗಲವಾದ ಸ್ಲ್ಯಾಬ್‌ಗಾದರೆ 14 ದಿನಕ್ಕೆ ತೆಗೆಯಬಹುದು. ತೊಲೆಗಳಿಗೆ 6 ಮೀಟರ್‌ವರೆಗೆ 14, ಅದರಾಚೆಗೆ 21 ದಿನ. ಈ ಕಾಯುವಿಕೆಯನ್ನು ಕೊಂಡಿಯ ಲ್ಯಾಗ್ (ಎರಡು ಕೆಲಸಗಳ ನಡುವೆ ಬಿಡುವ ದಿನಗಳ ಅಂತರ) ಆಗಿ ಅಡಗಿಸಿಡುವುದಕ್ಕಿಂತ ಒಂದು ಪ್ರತ್ಯೇಕ ಚಟುವಟಿಕೆಯಾಗಿ ಬರೆದು, ಅದಕ್ಕೆ ವಾರದ ಏಳು ದಿನವೂ ನಡೆಯುವ ಕ್ಯಾಲೆಂಡರ್ ಕೊಡುವುದು ಉತ್ತಮ. ಭಾನುವಾರ ಮೇಸ್ತ್ರಿಗೆ ರಜೆಯಿರಬಹುದು, ಕಾಂಕ್ರೀಟ್‌ಗಿಲ್ಲ. ಆರು ದಿನದ ವಾರದ ಕ್ಯಾಲೆಂಡರ್‌ನಲ್ಲಿ 14 ದಿನದ ಲ್ಯಾಗ್ ಹಾಕಿದರೆ ಅದು ವಾಸ್ತವದಲ್ಲಿ ಕನಿಷ್ಠ 16 ದಿನ ನುಂಗುತ್ತದೆ.

ಸಂಕೇತ ಮತ್ತು ಕೋಷ್ಟಕ

ಪ್ರತಿ ಚಟುವಟಿಕೆಗೂ ಅರ್ಥವಿರುವ ಒಂದು ಸಂಕೇತ ಬೇಕು: ಬ್ಲಾಕ್, ಮಹಡಿ, ಕೆಲಸ ಎಂಬ ಮೂರು ಭಾಗಗಳು ಸಾಕು. ಎ ಬ್ಲಾಕ್‌ನ ಐದನೇ ಮಹಡಿಯ ಏಳನೇ ಕೆಲಸಕ್ಕೆ ‘ಎ-05-070’ ಎಂದು ಬರೆಯಬಹುದು. ಮಹಡಿಗೆ ಯಾವಾಗಲೂ ಎರಡಂಕಿ, ಕೆಲಸಕ್ಕೆ ಮೂರಂಕಿ ಇರಲಿ, ಹಾಗೂ ಕೆಲಸದ ಸಂಖ್ಯೆ ಹತ್ತು ಹತ್ತರಂತೆ ಏರಲಿ. ಮುಂದೆ ನಡುವೆ ಒಂದು ಕೆಲಸ ಸೇರಿಸಬೇಕಾದಾಗ ಜಾಗವಿರುತ್ತದೆ. ಎಕ್ಸೆಲ್‌ನ ಚಾಳಿಯೊಂದನ್ನು ಇಲ್ಲಿ ನೆನಪಿಡಬೇಕು: ಮುಂದಿರುವ ಸೊನ್ನೆಗಳನ್ನು ಅದು ಕಿತ್ತುಹಾಕುತ್ತದೆ, ‘10-1’ ಎಂದು ಬರೆದುದನ್ನು ದಿನಾಂಕವಾಗಿಸುತ್ತದೆ, ಎರಡು ಅಂಕೆಗಳ ನಡುವೆ ಇಂಗ್ಲಿಷ್‌ನ ಇ ಅಕ್ಷರ ಬಂದರೆ ಅದನ್ನು ಹತ್ತರ ಘಾತವೆಂದು ತಿಳಿಯುತ್ತದೆ. ಆದ್ದರಿಂದ ಸಂಕೇತದ ಅಂಕಣವನ್ನು, ಒಂದಕ್ಷರವನ್ನೂ ಬರೆಯುವ ಮೊದಲೇ, ‘ಟೆಕ್ಸ್ಟ್’ ಮಾದರಿಗೆ ಬದಲಿಸಿಡಬೇಕು.

ಈಗ ಎರಡು ಪುಟ್ಟ ಕೋಷ್ಟಕಗಳು ಸಿದ್ಧವಾಗುತ್ತವೆ. ಒಂದರಲ್ಲಿ 20 ಕೆಲಸಗಳು, ಇನ್ನೊಂದರಲ್ಲಿ ಬ್ಲಾಕ್ ಮತ್ತು ಮಹಡಿಗಳ 24 ಸಾಲುಗಳು. ಇವೆರಡನ್ನು ಗುಣಿಸಿ 480 ಸಾಲು ಪಡೆಯುವ ಅತಿ ಸುಲಭದ ದಾರಿ ಎಕ್ಸೆಲ್‌ನಲ್ಲೇ ಇರುವ, ಕೋಷ್ಟಕಗಳನ್ನು ಜೋಡಿಸುವ ಸಾಧನವಾದ ಪವರ್ ಕ್ವೆರಿ. ಎರಡೂ ಕೋಷ್ಟಕಗಳನ್ನು ಪವರ್ ಕ್ವೆರಿಗೆ ಸೇರಿಸಿ, ಮಹಡಿಗಳ ಕೋಷ್ಟಕದಲ್ಲಿ ಒಂದು ಕಸ್ಟಮ್ ಅಂಕಣ ತೆರೆದು, ಅದರ ಸೂತ್ರದ ಜಾಗದಲ್ಲಿ ಕೆಲಸಗಳ ಕೋಷ್ಟಕದ ಹೆಸರನ್ನು ಮಾತ್ರ ಬರೆಯಬೇಕು. ಆ ಅಂಕಣದ ತಲೆಯಲ್ಲಿರುವ ವಿಸ್ತರಿಸುವ ಗುಂಡಿಯನ್ನು ಒತ್ತಿದೊಡನೆ ಪ್ರತಿ ಮಹಡಿಯ ಎದುರು ಇಪ್ಪತ್ತೂ ಕೆಲಸಗಳು ಬಿಚ್ಚಿಕೊಳ್ಳುತ್ತವೆ. ಬಳಿಕ ಮೂರು ಭಾಗಗಳನ್ನು ಜೋಡಿಸಿ ಸಂಕೇತದ ಅಂಕಣ ಮಾಡಿಕೊಂಡರಾಯಿತು. ಮುಂದೆ ಮಾದರಿಗೆ ಒಂದು ಕೆಲಸ ಸೇರಿದರೆ ‘ರಿಫ್ರೆಶ್’ ಒತ್ತಿದರೆ ಸಾಕು, ಹೊಸ ಸಾಲುಗಳು ತಾವಾಗಿ ಮೂಡುತ್ತವೆ.

ಎಲ್ಲ ಮಹಡಿಗೂ ಒಂದೇ ಅವಧಿ ಎಂದು ಬಿಟ್ಟುಬಿಡುವುದು ಸರಿಯಲ್ಲ. ಮೊದಲ ಒಂದೆರಡು ಸ್ಲ್ಯಾಬ್‌ಗಳಿಗೆ ಸೆಂಟ್ರಿಂಗ್‌ನವರ ಕೈ ಪಳಗಿರುವುದಿಲ್ಲ. ಮಹಡಿಗಳ ಕೋಷ್ಟಕದಲ್ಲಿ ಒಂದು ಗುಣಕದ ಅಂಕಣವಿಟ್ಟು ಮೊದಲ ಮಹಡಿಗೆ 1.5, ಎರಡನೆಯದಕ್ಕೆ 1.25, ಉಳಿದವಕ್ಕೆ 1 ಎಂದು ಕೊಟ್ಟು, ಬಂದ ಅವಧಿಯನ್ನು ಮುಂದಿನ ಪೂರ್ಣ ದಿನಕ್ಕೆ ಏರಿಸಬಹುದು. ಆದರೆ ಕಾಂಕ್ರೀಟ್ ಹಾಕುವ ಒಂದು ದಿನಕ್ಕೂ ಕಾಯುವ ಅವಧಿಗೂ ಈ ಗುಣಕ ತಗಲಬಾರದು. ಯಾವ ಕೆಲಸಕ್ಕೆ ಗುಣಕ ಅನ್ವಯಿಸುತ್ತದೆ ಎಂಬುದಕ್ಕೆ ಕೆಲಸಗಳ ಕೋಷ್ಟಕದಲ್ಲಿ ಹೌದು ಅಥವಾ ಅಲ್ಲ ಎಂಬ ಗುರುತಿರಲಿ.

ಕೊಂಡಿಗಳು

ಕೊಂಡಿಗಳಿಗೂ ಇದೇ ವಿಧಾನ, ಆದರೆ ಬೇರೆ ಕೋಷ್ಟಕ. ಮಾದರಿಯ ಪ್ರತಿ ಕೊಂಡಿಗೆ ಹಿಂದಿನ ಕೆಲಸ, ಮುಂದಿನ ಕೆಲಸ, ಕೊಂಡಿಯ ಬಗೆ (ಹಿಂದಿನದು ಮುಗಿದ ಮೇಲೆ ಮುಂದಿನದರ ಆರಂಭ ಎಂಬಂಥದು), ಲ್ಯಾಗ್ ಇವುಗಳ ಜೊತೆಗೆ ‘ಮಹಡಿ ವ್ಯತ್ಯಾಸ’ ಎಂಬ ಐದನೇ ಅಂಕಣವಿರಬೇಕು. ಅದೇ ಮಹಡಿಯೊಳಗಿನ ಕೊಂಡಿಗೆ ಅಲ್ಲಿ ಸೊನ್ನೆ. ಈ ಮಹಡಿಯ ಮೇಲ್ಛಾವಣಿಯ ಕಾಂಕ್ರೀಟ್ ಆದ ಮೇಲೆ ಮೇಲಿನ ಮಹಡಿಯ ಕಂಬದ ಕೆಲಸ ಎಂಬುದಕ್ಕೆ ಒಂದು. ಟೈಲ್ಸ್ ಗ್ಯಾಂಗ್ ಒಂದೇ ಇದ್ದು ಮಹಡಿಯಿಂದ ಮಹಡಿಗೆ ಹತ್ತಿಕೊಂಡು ಹೋಗುವುದಾದರೆ ಟೈಲ್ಸ್‌ನಿಂದ ಟೈಲ್ಸ್‌ಗೂ ಒಂದು. ಹೊರಗೋಡೆಯ ಬಣ್ಣ ಮೇಲಿನಿಂದ ಕೆಳಗಿಳಿಯುತ್ತದೆಯಾದ್ದರಿಂದ ಅದಕ್ಕೆ ಋಣ ಒಂದು. ಈ ಒಂದು ಅಂಕಣದಿಂದಲೇ 686 ಕೊಂಡಿಗಳೂ ಹುಟ್ಟುತ್ತವೆ: ಮಹಡಿಯ ಸಂಖ್ಯೆಗೆ ವ್ಯತ್ಯಾಸವನ್ನು ಕೂಡಿಸಿ, ಬಂದ ಸಂಖ್ಯೆಯಿಂದ ಮುಂದಿನ ಚಟುವಟಿಕೆಯ ಸಂಕೇತ ಕಟ್ಟಿದರೆ ಮುಗಿಯಿತು.

ಹನ್ನೆರಡನೇ ಮಹಡಿಗೆ ಒಂದನ್ನು ಕೂಡಿಸಿದಾಗ ಇಲ್ಲದ ಹದಿಮೂರನೇ ಮಹಡಿಯ ಸಂಕೇತ ಬರುತ್ತದೆ. ಹುಟ್ಟಿದ ಪ್ರತಿ ಸಂಕೇತವೂ ಚಟುವಟಿಕೆಗಳ ಕೋಷ್ಟಕದಲ್ಲಿದೆಯೇ ಎಂದು ಎಕ್ಸ್‌ಲುಕಪ್ ಅಥವಾ ವಿಲುಕಪ್ ಸೂತ್ರದಿಂದ ಹುಡುಕಿಸಿ, ಸಿಗದ ಸಾಲುಗಳನ್ನು ಬೇರೆ ತೆಗೆಯಬೇಕು. ಆ ಸಾಲುಗಳನ್ನು ಅಳಿಸಿ ಮರೆಯಬೇಡಿ. ಮಾದರಿ ಎಲ್ಲಿಗೆ ನಿಲ್ಲುತ್ತದೆ, ಎಲ್ಲಿ ಕೈಯಿಂದ ಕೊಂಡಿ ಹಾಕಬೇಕು ಎಂಬುದನ್ನು ಅವೇ ತೋರಿಸಿಕೊಡುತ್ತವೆ: ಮೇಲ್ತುದಿಯಲ್ಲಿ ತಾರಸಿಯ ವಾಟರ್‌ಪ್ರೂಫಿಂಗ್, ಓವರ್‌ಹೆಡ್ ಟ್ಯಾಂಕ್ ಮತ್ತು ಲಿಫ್ಟ್ ಮಶೀನ್ ಕೋಣೆಗೆ, ಕೆಳತುದಿಯಲ್ಲಿ ಪಾಯ ಮತ್ತು ಬೇಸ್‌ಮೆಂಟ್‌ಗೆ. ಈ ಕೈಕೆಲಸ ಎಷ್ಟೆಂದರೂ ಮೂವತ್ತು ನಲವತ್ತು ಕೊಂಡಿಗಳನ್ನು ಮೀರುವುದಿಲ್ಲ.

ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ಗೆ ಇಂಪೋರ್ಟ್ ಮಾಡುವಾಗ

ಕೋಷ್ಟಕವನ್ನು ಒಳಗೆ ತರುವ ಮುನ್ನ ಮನೆಯನ್ನು ಅಣಿ ಮಾಡಿಕೊಳ್ಳಬೇಕು. ಪ್ರಾಜೆಕ್ಟ್‌ನ ಮೂಲ ಕ್ಯಾಲೆಂಡರ್‌ನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 8 ಗಂಟೆ ಇರುತ್ತದೆ. ಶನಿವಾರವನ್ನು ಸೇರಿಸಿ, ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಯುಗಾದಿ, ದೀಪಾವಳಿಯಂಥ ರಜೆಗಳನ್ನು ನಮೂದಿಸಿಡಿ. ಕೆಲಸದ ಗಂಟೆಗಳನ್ನು 10ಕ್ಕೆ ಏರಿಸಿದ್ದರೆ ಆಪ್ಶನ್ಸ್‌ನಲ್ಲಿರುವ ದಿನದ ಗಂಟೆಗಳನ್ನೂ 10 ಮಾಡಲೇಬೇಕು. ಇಲ್ಲವಾದರೆ ತಂತ್ರಾಂಶಕ್ಕೆ ಒಂದು ದಿನವೆಂದರೆ 8 ಗಂಟೆಯೇ ಆಗಿ, ಚಟುವಟಿಕೆಗಳು ಮಧ್ಯಾಹ್ನಕ್ಕೇ ಮುಗಿದು ಮುಂದಿನವು ಅರ್ಧ ದಿನಕ್ಕೆ ಆರಂಭವಾಗುತ್ತವೆ. 2010ರ ಆವೃತ್ತಿಯಿಂದೀಚೆಗೆ ಹೊಸ ಚಟುವಟಿಕೆಗಳು ಮೂಲತಃ ‘ಮ್ಯಾನ್ಯುಯಲ್’ ಆಗಿರುತ್ತವೆ. ಅದನ್ನು ‘ಆಟೋ’ಗೆ ಬದಲಿಸದಿದ್ದರೆ ಕೊಂಡಿಗಳೆಲ್ಲ ಒಳಬಂದರೂ ದಿನಾಂಕಗಳು ಅಲುಗುವುದಿಲ್ಲ.

ಇನ್ನು ಒಳತರಬೇಕಾದ ಅಂಕಣಗಳು: ಸಾಲಿನ ಐಡಿ, ಹೆಸರು, ಅವಧಿ, ಔಟ್‌ಲೈನ್ ಮಟ್ಟ (ಸಾಲು ಬ್ಲಾಕ್, ಮಹಡಿ, ಕೆಲಸ ಇವುಗಳಲ್ಲಿ ಯಾವ ಹಂತದ್ದು ಎಂಬುದು), ಪ್ರಿಡಿಸೆಸರ್ (ಕೊಂಡಿಯ ಹಿಂದಿನ ಕೆಲಸ), ಜೊತೆಗೆ ನಮ್ಮ ಸಂಕೇತವನ್ನು ಇಡಲು ‘ಟೆಕ್ಸ್ಟ್ 1’ ಎಂಬ ಖಾಲಿ ಕ್ಷೇತ್ರ. ಆರಂಭದ ದಿನಾಂಕ ಮತ್ತು ಮುಕ್ತಾಯದ ದಿನಾಂಕಗಳನ್ನು ಎಂದಿಗೂ ತರಬಾರದು. ಆರಂಭದ ದಿನಾಂಕ ಬಂದರೆ ಪ್ರಾಜೆಕ್ಟ್ ಅದನ್ನು ‘ಇದಕ್ಕಿಂತ ಮುಂಚೆ ಆರಂಭವಾಗಕೂಡದು’ ಎಂಬ ನಿರ್ಬಂಧವಾಗಿ ಪರಿವರ್ತಿಸುತ್ತದೆ. ನಾನೂರೆಂಬತ್ತು ನಿರ್ಬಂಧಗಳು ಮೊಳೆ ಹೊಡೆದಂತೆ ಕುಳಿತ ವೇಳಾಪಟ್ಟಿಯಲ್ಲಿ ಕೆಲಸವನ್ನು ಹಿಂದಕ್ಕೆ ಎಳೆಯಲು ಆಗುವುದಿಲ್ಲ.

ಪ್ರಿಡಿಸೆಸರ್ ಅಂಕಣಕ್ಕೆ ನಮ್ಮ ಸಂಕೇತ ಅರ್ಥವಾಗುವುದಿಲ್ಲ, ಅದು ಕೇಳುವುದು ಸಾಲಿನ ಐಡಿಯನ್ನು. ಆದ್ದರಿಂದ ಬ್ಲಾಕ್ ಮತ್ತು ಮಹಡಿಯ ಶೀರ್ಷಿಕೆ ಸಾಲುಗಳನ್ನೂ ಸೇರಿಸಿ ಎಲ್ಲ ಸಾಲುಗಳಿಗೂ ಒಂದರಿಂದ ಕ್ರಮಸಂಖ್ಯೆ ಹಾಕಿ, ಕೊಂಡಿಗಳ ಕೋಷ್ಟಕದ ಸಂಕೇತಗಳನ್ನು ಲುಕಪ್ ಮೂಲಕ ಆ ಸಂಖ್ಯೆಗಳಿಗೆ ಬದಲಿಸಿ, ಒಂದು ಚಟುವಟಿಕೆಗೆ ಹಲವು ಕೊಂಡಿಗಳಿದ್ದರೆ ಟೆಕ್ಸ್ಟ್‌ಜಾಯಿನ್ ಸೂತ್ರದಿಂದ ಅಲ್ಪವಿರಾಮವಿಟ್ಟು ಸೇರಿಸಬೇಕು. ಇದೇ ಕಾರಣಕ್ಕೆ ಇಂಪೋರ್ಟ್ ವಿಝಾರ್ಡ್‌ನಲ್ಲಿ ಹೊಸ ಕಡತವಾಗಿ ತೆರೆಯುವ ಆಯ್ಕೆಯನ್ನೇ ಆರಿಸಿಕೊಳ್ಳಿ. ಈಗಾಗಲೇ ಹತ್ತು ಸಾಲುಗಳಿರುವ ಕಡತದ ಕೊನೆಗೆ ಸೇರಿಸಲು ಹೋದರೆ ಸಂಖ್ಯೆಗಳೆಲ್ಲ ಹತ್ತು ಸ್ಥಾನ ಸರಿದು ಕೊಂಡಿಗಳು ಎಲ್ಲೆಲ್ಲಿಗೋ ಬೀಳುತ್ತವೆ. ಅಂಕಣಗಳ ಹೊಂದಾಣಿಕೆಯನ್ನು ಮ್ಯಾಪ್ ಆಗಿ ಉಳಿಸಿಕೊಂಡರೆ ಎರಡನೇ ಸಲದಿಂದ ಈ ಹಂತ ಒಂದು ನಿಮಿಷದ್ದು.

ಪ್ರೈಮವೆರಾದಲ್ಲಿ

ಪ್ರೈಮವೆರಾ ಪಿ6ರಲ್ಲಿ ಕೊಂಡಿಗಳಿಗೆ ಪ್ರತ್ಯೇಕ ಹಾಳೆಯಿದ್ದು, ಅದು ನಮ್ಮ ಸಂಕೇತಗಳನ್ನೇ ನೇರವಾಗಿ ಒಪ್ಪುವುದರಿಂದ ಮೇಲಿನ ಸಂಖ್ಯೆಗಳ ಸರ್ಕಸ್ ಬೇಕಿಲ್ಲ. ಆದರೆ ಹಾಳೆಯ ರೂಪದ ವಿಷಯದಲ್ಲಿ ಅದು ಬಹಳ ಕಟ್ಟುನಿಟ್ಟು. ಖಾಲಿ ಎಕ್ಸೆಲ್‌ನಿಂದ ಆರಂಭಿಸುವ ಬದಲು, ಪಿ6ರಲ್ಲಿಯೇ ನಾಲ್ಕೈದು ಚಟುವಟಿಕೆಗಳ ಪುಟ್ಟ ಯೋಜನೆ ಮಾಡಿ, ಬಗೆಬಗೆಯ ಕೊಂಡಿಗಳನ್ನು ಹಾಕಿ, ಅದನ್ನು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ, ಬಂದ ಕಡತವನ್ನೇ ಅಚ್ಚಾಗಿ ಬಳಸಿ. ಮೊದಲ ಸಾಲಿನಲ್ಲಿರುವುದು ಕ್ಷೇತ್ರಗಳ ಒಳಹೆಸರುಗಳು, ಎರಡನೆಯದರಲ್ಲಿ ಓದುವವರಿಗಾಗಿ ಇರುವ ಶೀರ್ಷಿಕೆಗಳು. ಇವೆರಡನ್ನೂ ಹಾಳೆಗಳ ಹೆಸರನ್ನೂ ‘ಯೂಸರ್‌ಡೇಟಾ’ ಎಂಬ ಹಾಳೆಯನ್ನೂ ಮುಟ್ಟಬಾರದು. ನಮ್ಮ ಸಾಲುಗಳನ್ನು ಮೂರನೇ ಸಾಲಿನಿಂದ, ಸೂತ್ರಗಳಾಗಿ ಅಲ್ಲದೆ ಬರಿಯ ಮೌಲ್ಯಗಳಾಗಿ ಅಂಟಿಸಬೇಕು. ಬ್ಲಾಕ್ ಮತ್ತು ಮಹಡಿಗಳ ಡಬ್ಲ್ಯುಬಿಎಸ್ (ಕೆಲಸವನ್ನು ಭಾಗಗಳಾಗಿ ಒಡೆದ ಶ್ರೇಣಿ) ವಿಭಾಗಗಳನ್ನು ಮೊದಲೇ ಪಿ6ರಲ್ಲಿ ರಚಿಸಿಟ್ಟು, ಅವುಗಳ ಪೂರ್ಣ ಸಂಕೇತವನ್ನು ಹಾಳೆಯಲ್ಲಿ ಬರೆಯುವುದು ಸುರಕ್ಷಿತ.

ಪಿ6 ಅವಧಿಯನ್ನು ಒಳಗೆ ಗಂಟೆಗಳಲ್ಲಿ ಇಡುತ್ತದೆ; ಪರದೆಯ ಮೇಲಿನ ದಿನಗಳು ಆ ಗಂಟೆಗಳ ಭಾಗಾಕಾರ ಮಾತ್ರ. ಹೀಗಾಗಿ ಇಡೀ ಪಟ್ಟಿಯನ್ನು ಒಂದೇ ಬಾರಿಗೆ ಸುರಿಯದೆ ಒಂದು ಮಹಡಿಯ ಇಪ್ಪತ್ತು ಸಾಲುಗಳನ್ನು ತಂದು, 15 ದಿನದ ಗಾರೆ 15 ದಿನವಾಗಿಯೇ ಬಂದಿದೆಯೇ ಎಂದು ನೋಡಿಕೊಳ್ಳಿ. ಈ ಪರೀಕ್ಷೆಯನ್ನು ಯೋಜನೆಯ ನಕಲಿನ ಮೇಲೆ ಮಾಡಿ, ಏಕೆಂದರೆ ಇಂಪೋರ್ಟ್ ಆದದ್ದನ್ನು ಒಂದು ಕೀ ಒತ್ತಿ ಹಿಂದೆಗೆಯಲು ಇಲ್ಲಿ ಬರುವುದಿಲ್ಲ.

ಒಳಬಂದ ಮೇಲೆ ಗುಂಪಾಗಿ ತಿದ್ದಲು ಪಿ6ರಲ್ಲಿ ‘ಗ್ಲೋಬಲ್ ಚೇಂಜ್’ ಇದೆ: ಕೆಲಸದ ಆಕ್ಟಿವಿಟಿ ಕೋಡ್ (ಚಟುವಟಿಕೆಗಳನ್ನು ಗುಂಪು ಮಾಡುವ ಗುರುತು) ಟೈಲ್ಸ್ ಆಗಿದ್ದರೆ ಅವಧಿಯನ್ನು 0.8ರಿಂದ ಗುಣಿಸು ಎಂಬಂಥ ಷರತ್ತನ್ನು ಬರೆದು ಉಳಿಸಿಕೊಳ್ಳಬಹುದು. ಬದಲಾವಣೆ ಜಾರಿಯಾಗುವ ಮುನ್ನ ಅದು ಒಂದು ವರದಿಯನ್ನು ತೋರಿಸುತ್ತದೆ. ಅದರಲ್ಲಿರಬೇಕಾದ ಸಾಲುಗಳು 24. ಬೇರೆ ಸಂಖ್ಯೆ ಕಂಡರೆ ರದ್ದು ಮಾಡಿ, ಏಕೆಂದರೆ ಜಾರಿಯಾದ ಮೇಲೆ ಇದಕ್ಕೂ ಅನ್‌ಡೂ ಇಲ್ಲ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಇದೇ ಕೆಲಸಕ್ಕೆ ಫಿಲ್ಟರ್ ಹಾಕಿ, ಮೇಲಿನ ಕೋಶದಿಂದ ಕೆಳಗಿನವರೆಗೆ ಆಯ್ದು, ಕಂಟ್ರೋಲ್ ಮತ್ತು ಡಿ ಒತ್ತಿ ತುಂಬಿಸಬಹುದು.

ತಪಾಸಣೆ

ಮೊದಲು ಎಣಿಕೆ. ಚಟುವಟಿಕೆಗಳು 480 ಮತ್ತು ಕೈಯಿಂದ ಸೇರಿಸಿದವು, ಕೊಂಡಿಗಳು 686 ಮತ್ತು ಕೈಯಿಂದ ಹಾಕಿದವು. ಒಂದು ಕಡಿಮೆಯಾದರೂ ಕಾರಣ ಹುಡುಕಬೇಕು. ಬಳಿಕ ಹಿಂದೆ ಅಥವಾ ಮುಂದೆ ಕೊಂಡಿಯಿಲ್ಲದ ಚಟುವಟಿಕೆಗಳನ್ನು ಫಿಲ್ಟರ್ ಮಾಡಿ. ಅಮೆರಿಕದ ರಕ್ಷಣಾ ಗುತ್ತಿಗೆ ನಿರ್ವಹಣಾ ಸಂಸ್ಥೆ ಡಿಸಿಎಂಎ ರೂಪಿಸಿದ ಹದಿನಾಲ್ಕು ಅಂಶಗಳ ತಪಾಸಣೆಯಲ್ಲಿ ಇಂಥವು ಶೇ. 5ನ್ನು ಮೀರಬಾರದೆಂದಿದೆ. ಹೀಗೆ ಕೋಷ್ಟಕದಿಂದ ಹುಟ್ಟಿದ ಪಟ್ಟಿಗೆ ಆ ರಿಯಾಯಿತಿ ಬೇಡ ಎಂಬುದು ನನ್ನ ಅಭಿಪ್ರಾಯ: ಯೋಜನೆಯ ಆರಂಭ ಮತ್ತು ಮುಕ್ತಾಯ ಇವೆರಡನ್ನು ಬಿಟ್ಟರೆ ಮತ್ತಾವುದೂ ತೂಗಾಡುತ್ತಿರಕೂಡದು. ಪ್ರತಿ ಮಹಡಿಯ ಕೊನೆಯ ಕೋಟ್ ಬಣ್ಣವನ್ನು ಹಸ್ತಾಂತರಕ್ಕೆ ಸೇರಿಸುವುದು ಬಹಳ ಮಂದಿ ಮರೆಯುವ ಕೊಂಡಿ.

ಕೊನೆಗೆ ಕಣ್ಣಿನ ಪರೀಕ್ಷೆ. ಪಟ್ಟಿಯನ್ನು ಮಹಡಿಯ ಬದಲು ಕೆಲಸದ ಬಗೆಯಿಂದ ಗುಂಪು ಮಾಡಿ ಗ್ಯಾಂಟ್ ಚಾರ್ಟ್ (ಪ್ರತಿ ಚಟುವಟಿಕೆಯ ಅವಧಿಯನ್ನು ಬಾರ್ ಆಗಿ ತೋರಿಸುವ ಚಿತ್ರ) ನೋಡಿದರೆ, ಗುಣಕ ತಗಲಿದ ಮೊದಲ ಎರಡು ಮಹಡಿಗಳನ್ನು ಬಿಟ್ಟು ಎಲ್ಲ ಸ್ಲ್ಯಾಬ್‌ಗಳ ಬಾರ್‌ಗಳೂ ಮೆಟ್ಟಿಲಿನಂತೆ ಒಂದೇ ಅಂತರದಲ್ಲಿ ಸರಿದಿರಬೇಕು, ಹೊರಗೋಡೆಯ ಬಣ್ಣದ ಮೆಟ್ಟಿಲು ಉಳಿದವುಗಳಿಗೆ ಎದುರು ದಿಕ್ಕಿನಲ್ಲಿರಬೇಕು. ಒಂದು ಮೆಟ್ಟಿಲು ಮುರಿದಿದ್ದರೆ ಅಲ್ಲಿ ಕೊಂಡಿ ತಪ್ಪಿದೆ, ಇಲ್ಲವೇ ರಜೆಗಳು ಬಂದಿವೆ. ಟೈಲ್ಸ್‌ನ ಮೆಟ್ಟಿಲು ಗಾರೆಯ ಮೆಟ್ಟಿಲಿಗಿಂತ ಕಡಿದಾಗಿದ್ದು ಮೇಲಿನ ಮಹಡಿಗಳಲ್ಲಿ ಅದನ್ನು ಮುಟ್ಟುವಂತಿದ್ದರೆ, ಟೈಲ್ಸ್ ಗ್ಯಾಂಗ್ ಅಲ್ಲಿ ಕೆಲಸವಿಲ್ಲದೆ ಕುಳಿತಿರಬೇಕಾಗುತ್ತದೆ. ಅದರ ಆರಂಭವನ್ನು ತಡಮಾಡುವುದೋ ಗಾರೆಗೆ ಇನ್ನೊಂದು ಗ್ಯಾಂಗ್ ಕರೆಸುವುದೋ ಎಂಬ ತೀರ್ಮಾನವನ್ನು ಮೇಸ್ತ್ರಿಗಳ ಜೊತೆ ಈಗಲೇ ಮಾಡಬಹುದು.

ವಾರದ ಪ್ರಗತಿಯನ್ನೂ ಇದೇ ದಾರಿಯಲ್ಲಿ ತರಬಹುದು. ಸೈಟ್‌ಗೆ ಕಳಿಸುವ ಹಾಳೆಯಲ್ಲಿ ಸಂಕೇತ, ಹೆಸರು, ನಿಜವಾಗಿ ಆರಂಭವಾದ ದಿನ, ಮುಗಿದ ದಿನ, ಉಳಿದ ಅವಧಿ ಇಷ್ಟೇ ಇರಲಿ. ಮೊದಲ ಎರಡು ಅಂಕಣಗಳಿಗೆ ಬೀಗ ಹಾಕಿರಲಿ. ಪ್ರಾಜೆಕ್ಟ್‌ನಲ್ಲಿ ಇದನ್ನು ‘ಮರ್ಜ್’ (ಈಗಿರುವ ಸಾಲುಗಳೊಂದಿಗೆ ಬೆರೆಸುವ) ಆಯ್ಕೆಯಿಂದ, ಸಂಕೇತದ ಕ್ಷೇತ್ರವನ್ನೇ ಕೀಲಿಯಾಗಿಸಿ ಒಳತರಬೇಕು. ಇಲ್ಲಿರುವ ಅಪಾಯ ದಿನಾಂಕದ್ದು: 05/06 ಎಂಬುದನ್ನು ನಮ್ಮ ಎಂಜಿನಿಯರ್ ಜೂನ್ 5 ಎಂದು ಬರೆದಿದ್ದರೆ ಅಮೆರಿಕದ ಪದ್ಧತಿಯ ಕಂಪ್ಯೂಟರ್ ಮೇ 6 ಎಂದು ಓದುತ್ತದೆ, ಎರಡೂ ಸರಿಯಾದ ದಿನಾಂಕಗಳೇ ಆದ್ದರಿಂದ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಆ ಅಂಕಣಗಳಲ್ಲಿ ತಿಂಗಳು ಅಕ್ಷರದಲ್ಲಿ ಕಾಣುವಂತೆ ರೂಪ ಕೊಟ್ಟು, ವರದಿಯ ದಿನಕ್ಕಿಂತ ಮುಂದಿನ ದಿನಾಂಕವನ್ನು ಒಪ್ಪದಂತೆ ಡೇಟಾ ವ್ಯಾಲಿಡೇಶನ್ ಹಾಕಿಟ್ಟರೆ ಸೋಮವಾರದ ಬೆಳಗಿನ ಅರ್ಧ ತಕರಾರು ಶನಿವಾರವೇ ಮುಗಿದಿರುತ್ತದೆ.